ಹಂಚಿನ ಕಾರ್ಖಾನೆಯ ಕ್ರೈಸ್ತ ಕಾಲೋನಿ: ನನ್ನ ಕಥೆಯ ಜನ ವಾರವಿಡೀ ಹೇಗೆ ಬದುಕುತ್ತಿದ್ದರು?

ಹೊಳೆಬದಿ:

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಊರು ಕಲ್ಪನೆಯದು. ಮಂಗಳೂರಿಗೂ ಉಡುಪಿಗೂ ನಡುವೆ ಎಲ್ಲೋ ಒಂದು ಕಡೆ, ಹೊಳೆ ಸಮುದ್ರ ಸೇರುವ ಜಾಗ. ಅಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ. ಅದರ ಬೆನ್ನಿಗೆ ನಲವತ್ತು ಮನೆಗಳ ಕ್ರೈಸ್ತ ಕಾಲೋನಿ. ಗುಡ್ಡದ ಮೇಲೆ ದೇವಾಲಯ (ಚರ್ಚನ್ನು ಅವರು ಹಾಗೇ ಕರೆಯುವುದು), ಪಕ್ಕದಲ್ಲಿ ಪಾದ್ರಿ ಬಂಗಲೆ. ಕಥೆ 1913ರಲ್ಲಿ ಶುರುವಾಗಿ 1919ಕ್ಕೆ ಮುಗಿಯುತ್ತದೆ. ನಡುವೆ ಮಹಾಯುದ್ಧ ಬರುತ್ತದೆ, ಜರ್ಮನ್ ಪಾದ್ರಿಯನ್ನು ಸರ್ಕಾರ ಹಿಡಿದುಕೊಂಡು ಹೋಗುತ್ತದೆ.

ಕಾರ್ಖಾನೆ ಬಗ್ಗೆ ಸಾಕಷ್ಟು ಓದಿಕೊಂಡಿದ್ದೇನೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಮೊದಲ ಕಾರ್ಖಾನೆ ಹಾಕಿದ್ದು, ಹೊಳೆದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿದ್ದದ್ದು, ಹೆಂಗಸರು ತಲೆಹೊರೆಯಲ್ಲಿ ಹಂಚು ಸಾಗಿಸುತ್ತಿದ್ದದ್ದು, ಇದೆಲ್ಲ ಗೊತ್ತು. ಕಷ್ಟವಾಗುತ್ತಿರುವುದು ಅವರ ಧಾರ್ಮಿಕ ಜೀವನ. "ಭಾನುವಾರ ಎಲ್ಲರೂ ಆರಾಧನೆಗೆ ಹೋದರು" ಅಂತ ಒಂದು ಸಾಲು ಬರೆದು ದಾಟಿಬಿಡಬಹುದು. ಆದರೆ ಉಳಿದ ಆರು ದಿನ? ಮನೆಯೊಳಗೆ? ಒಲೆ ಮುಂದೆ?

ನನ್ನ ಮುಖ್ಯ ಪಾತ್ರ ಹಂಚು ಹೊರುವ ಹೆಂಗಸು. ಹುಟ್ಟಿದ್ದು ಬಿಲ್ಲವ ಮನೆಯಲ್ಲಿ, ಗಂಡನ ಜೊತೆ ಕ್ರೈಸ್ತಳಾದವಳು. ನಾನು ಹಿಂದೂ ಮನೆಯವನು, ದೇವಾಲಯದ ಒಳಗೆ ಕೂತದ್ದು ಗೆಳೆಯರ ಮದುವೆಗಳಲ್ಲಿ ಮಾತ್ರ. ಗೊತ್ತಿದ್ದವರು ಹೇಳಿ. ಜಗಳ ಆಡಿದರೂ ಪರವಾಗಿಲ್ಲ, ಕಥೆಗೆ ಒಳ್ಳೆಯದೇ.

ಪಡುಗಾಳಿ:

ಒಳ್ಳೆ ವಿಷಯ. ನಮ್ಮ ಊರಿನ ಕ್ರಿಶ್ಚಿಯನ್ ಮನೆಗಳಲ್ಲಿ ನೋಡಿದ್ದನ್ನು ಹೇಳುತ್ತೇನೆ. ಗೋಡೆಯಲ್ಲಿ ಪುಟ್ಟ ಅಲ್ತಾರ್, ಮರಿಯಮ್ಮನ ಚಿತ್ರ, ಮುಂದೆ ಸಣ್ಣ ದೀಪ. ಸಂಜೆಯಾದರೆ ಮಕ್ಕಳನ್ನೆಲ್ಲ ಕೂರಿಸಿ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನ ಹುಟ್ಟುಹಬ್ಬ ಮೊಂತಿ ಫೆಸ್ತ್, ಹೊಸ ತೆನೆ ತಂದು ಮನೆಮಂದಿಯೆಲ್ಲ ಒಟ್ಟಿಗೆ ಊಟ. ಇದನ್ನೆಲ್ಲ ಹಾಕಿ ಮಾರಾಯ್ರೆ, ಕಥೆಗೆ ಬಣ್ಣ ಬರುತ್ತದೆ.

ಜಪಸರ:

ದಯವಿಟ್ಟು ಬೇಡಿ! ಅದಷ್ಟೂ ಕೊಂಕಣಿ ಕಥೋಲಿಕರದು. ನಾನು ಬೆಂಗಳೂರು ಹತ್ತಿರದ ಒಂದು ಕನ್ನಡ ಕಥೋಲಿಕ ಹಳ್ಳಿಯವಳು. ನಮ್ಮಲ್ಲೂ ಜಪಸರ ಇದೆ, ಸಂತರ ಹಬ್ಬಕ್ಕೆ ತೇರು ಇದೆ, ಬ್ಯಾಂಡು, ಪಟಾಕಿ ಎಲ್ಲ ಇದೆ. ಬಾಸೆಲ್ ಮಿಶನ್ ಅಂದರೆ ಪ್ರೊಟೆಸ್ಟೆಂಟರು. ಅವರಲ್ಲಿ ಪ್ರತಿಮೆ ಇಲ್ಲ, ಮರಿಯಮ್ಮನಿಗೆ ಪ್ರಾರ್ಥನೆ ಇಲ್ಲ, ಧೂಪ ಇಲ್ಲ, ತೇರಂತೂ ಇಲ್ಲವೇ ಇಲ್ಲ. ನಿಮ್ಮ ಹಂಚು ಹೊರುವ ಹೆಂಗಸಿನ ಕೈಗೆ ಜಪಸರ ಕೊಟ್ಟರೆ ಅವರ ಕಡೆಯ ಓದುಗರು ಆ ಪುಟದಲ್ಲೇ ಪುಸ್ತಕ ಮುಚ್ಚುತ್ತಾರೆ.

ಇನ್ನೊಂದು ದೊಡ್ಡ ವ್ಯತ್ಯಾಸ ಭಾಷೆ. 1960ರ ದಶಕದ ವ್ಯಾಟಿಕನ್ ಮಹಾಸಭೆ ಆಗುವವರೆಗೂ ನಮ್ಮ ಪೂಜೆ ಲ್ಯಾಟಿನ್‌ನಲ್ಲಿತ್ತು. ನಮ್ಮಜ್ಜಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೂ ಎಲ್ಲಿ ಮಂಡಿಯೂರಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಬಾಸೆಲ್‌ನವರಲ್ಲಿ ಮೊದಲ ದಿನದಿಂದ ಎಲ್ಲವೂ ಜನರ ಭಾಷೆಯಲ್ಲಿ. ಓದು ಬರಹ ಇಲ್ಲದೆ ಅವರ ಭಕ್ತಿ ನಡೆಯುವುದೇ ಇಲ್ಲ.

ಆದರೆ ಪಡುಗಾಳಿಯವರು ಹೇಳಿದ್ದನ್ನು ಪೂರ್ತಿ ಬಿಸಾಡಬೇಡಿ. ಒಂದೇ ಜೆಪ್ಪುವಿನಲ್ಲಿ ಒಂದು ಕಡೆ ಬಾಸೆಲ್ ಕಾರ್ಖಾನೆ, ಇನ್ನೊಂದು ಕಡೆ 1878ರಲ್ಲಿ ಮಂಗಳೂರಿಗೆ ಬಂದ ಜೆಸ್ವಿಟರ ಸೆಮಿನರಿ. ಎರಡು ಕಡೆಯವರೂ ಯೇಸುವಿನ ಹೆಸರು ಹೇಳುವವರೇ. ಆದರೆ ಒಬ್ಬರ ಮನೆ ಹುಡುಗಿಯನ್ನು ಇನ್ನೊಬ್ಬರು ತರುವುದು ಆಗ ಊಹೆಗೂ ಮೀರಿದ ಮಾತು. ನಿಮ್ಮ ಕಾಲೋನಿಯ ಒಬ್ಬ ಹುಡುಗ ಕಥೋಲಿಕ ಹುಡುಗಿಯನ್ನು ಮೆಚ್ಚಿದರೆ ಕಥೆ ತಾನಾಗಿಯೇ ಓಡುತ್ತದೆ.

ಸಾಲುಮನೆ:

ನಾನು ಅಂಥದೇ ಒಂದು ಕಾಲೋನಿಯಲ್ಲಿ ಬೆಳೆದವನು. ಈಗ ಆ ಸಾಲು ಮನೆಗಳಿಲ್ಲ, ಫ್ಲ್ಯಾಟ್ ಬಂದಿವೆ. ಅಜ್ಜಿ ಹೇಳುತ್ತಿದ್ದದ್ದು, ನಾನೇ ಕಂಡದ್ದು ಎರಡನ್ನೂ ಸೇರಿಸಿ ಬರೆಯುತ್ತೇನೆ.

ಮೊದಲು ಗೋಡೆ. ನಮ್ಮ ಗೋಡೆಗಳು ಬೋಳು. ಒಂದು ವಾಕ್ಯದ ಪಟ ಇರುತ್ತಿತ್ತು, "ಕರ್ತನು ನನ್ನ ಕುರುಬನು" ಅನ್ನುವ ಥರದ್ದು. ಬೈಬಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಅದರ ಮೇಲೆ ಬೇರೇನೂ ಇಡಬಾರದು. ಹಾಗಂತ ಯಾವ ಪಾದ್ರಿಯೂ ಹೇಳಿರಲಿಕ್ಕಿಲ್ಲ. ಅದು ಅಜ್ಜಿಯ ಹಳೆ ಮನೆಯಿಂದ ಬಂದ ನಡತೆ. ನೆಲದ ಮೇಲೆ ಬೈಬಲ್ ಇಟ್ಟರೆ ಬೆನ್ನಿಗೆ ಬೀಳುತ್ತಿತ್ತು.

ಸಂಜೆ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಓದಲು ಬರುವವರು ಒಂದು ಭಾಗ ಓದಬೇಕು. ಅಜ್ಜನಿಗೆ ಓದಲು ಬರುತ್ತಿರಲಿಲ್ಲ, ಮಗಳು ಓದುತ್ತಿದ್ದಳು. ಇದನ್ನು ಗಮನಿಸಿ. ಹಳೆ ಮನೆಯಲ್ಲಿ ದೈವದ ಮುಂದೆ ಮಾತಾಡುವ ಹಕ್ಕು ಯಜಮಾನನದು. ಇಲ್ಲಿ ಮಿಶನ್ ಶಾಲೆಗೆ ಹೋಗುವ ಎಂಟು ವರ್ಷದ ಹುಡುಗಿ ದೇವರ ವಾಕ್ಯ ಓದುತ್ತಾಳೆ, ಗಂಡಸರು ತಲೆ ತಗ್ಗಿಸಿ ಕೇಳುತ್ತಾರೆ. ಮನೆಯಲ್ಲಿ ಮಾತು ತುಳು, ಓದುವುದು ಕನ್ನಡ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು, ಆದರೆ ಶಾಲೆಯಲ್ಲಿ ಕಲಿತದ್ದು ಕನ್ನಡ ಅಲ್ವಾ. ಹಾಗಾಗಿ ಓದಿದ ಮೇಲೆ ಅಜ್ಜ ತುಳುವಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಪ್ರಾರ್ಥನೆ ಉದ್ದವಾದರೆ ಗಂಜಿ ತಣ್ಣಗಾಗುತ್ತಿತ್ತು.

ಅನ್ನಕ್ಕೆ ಇಡುವಾಗ ಅಜ್ಜಿ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದಳು. ಅದು ಸಭೆಗೆ, ಅಂದರೆ ಚರ್ಚಿಗೆ ಕೊಡುವ ಕಾಣಿಕೆ. ಜೋರು ಮಳೆಯ ಆಟಿ ತಿಂಗಳಲ್ಲಿ, ಮನೆಯಲ್ಲೇ ಅಕ್ಕಿ ಇಲ್ಲದಾಗಲೂ ಹಿಡಿ ತಪ್ಪಿಸುತ್ತಿರಲಿಲ್ಲ, ಹಿಡಿ ಮಾತ್ರ ಸಣ್ಣದಾಗುತ್ತಿತ್ತು. ನಿಮ್ಮ ನಾಯಕಿಗೆ ಇದನ್ನು ಕೊಡಿ.

ಕಾರ್ಖಾನೆಯಲ್ಲಿ ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಪ್ರಾರ್ಥನೆ. ಅಂದರೆ ದಿನದ ಎರಡು ತುದಿಯಲ್ಲೂ ಪ್ರಾರ್ಥನೆ, ನಡುವೆ ಮಣ್ಣು.

ಭಾನುವಾರ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಹೆಂಗಸರ ತಲೆಯ ಮೇಲೆ ಸೆರಗು. ಹಾಡುಗಳ ಮಾತು ಕನ್ನಡ, ರಾಗ ಜರ್ಮನಿಯದು. ನಾಲ್ಕು ಧ್ವನಿಯಲ್ಲಿ ಹಾಡುವುದನ್ನು ಮಿಶನ್ ಶಾಲೆಗಳಲ್ಲಿ ಕಲಿಸುತ್ತಿದ್ದರು. ವಾರವಿಡೀ ತಲೆ ಮೇಲೆ ಹಂಚು ಹೊತ್ತವಳು ಭಾನುವಾರ ನಿಂತು ಆಲ್ಟೋ (ಹೆಂಗಸರ ಕೆಳಧ್ವನಿ) ಹಾಡುತ್ತಾಳೆ. ಹೊರಗಿನವರಿಗೆ ಇದು ನಂಬಲು ಕಷ್ಟ. ನಮಗೆ ಅದು ಭಾನುವಾರ, ಅಷ್ಟೇ.

ಹೊಳೆಬದಿ:

ಸಾಲುಮನೆಯವರೇ, ಒಂದೇ ಪೋಸ್ಟಿನಲ್ಲಿ ಮೂರು ಅಧ್ಯಾಯ ಕೊಟ್ಟಿರಿ. ಒಂದು ಅನುಮಾನ. ಭಾನುವಾರ ಕೆಲಸ ಪೂರ್ತಿ ಬಂದ್ ಅಂತಾದರೆ ಭಟ್ಟಿ ಏನಾಗುತ್ತದೆ? ಹಂಚು ಸುಡಲು ದಿನಗಟ್ಟಲೆ ಉರಿ ಬೇಕು. ನಡುವೆ ಆರಿಸಿದರೆ ಎಲ್ಲ ಹಾಳು.

ಸಾಲುಮನೆ:

ಭಟ್ಟಿಗೆ ಎಲ್ಲಿಯ ಭಾನುವಾರ! ಕಾರ್ಖಾನೆಯಲ್ಲಿ ಕ್ರೈಸ್ತರಲ್ಲದ ಕೆಲಸಗಾರರೂ ಇದ್ದರು. ಉರಿ ನೋಡಿಕೊಳ್ಳಲು ನಿಮ್ಮ ಕಥೆಯಲ್ಲಿ ಅವರನ್ನು ಇಡಿ. ಅಥವಾ ಇನ್ನೂ ಚೆಂದ, ಕ್ರೈಸ್ತನನ್ನೇ ಇಡಿ. ಕೆಳಗೆ ಸೌದೆ ಒಟ್ಟುತ್ತಾ ಅವನು ಗುಡ್ಡದ ಮೇಲಿನ ಹಾಡನ್ನು ಕೇಳಿಸಿಕೊಳ್ಳಲಿ. ಆಮೇಲೆ ಹಿರಿಯರ ಸಭೆಯಲ್ಲಿ ಯಾರಾದರೂ ಕೇಳಲಿ: "ಆ ವಾರ ನೀನೇಕೆ ಬರಲಿಲ್ಲ?"

ಗದಗಿನಿಂದ:

ನಮ್ಮ ಕಡೀದೂ ಒಂದು ಮಾತು ಕೇಳ್ರಿ. ಬಾಸೆಲ್ ಮಿಶನ್ ಅಂದ ಕೂಡಲೇ ಎಲ್ಲರೂ ಹಂಚು, ಸಮುದ್ರ ಅಂತ ಹೋಗುತ್ತೀರಿ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಇವೂ ಅದೇ ಮಿಶನ್ನಿನ ಊರುಗಳೇ. ಇಲ್ಲಿ ಸಭೆಯ ಜನ ನೇಕಾರರು, ಒಕ್ಕಲಿಗರು. ಬೆಟಗೇರಿ ಹತ್ತಿರದ ಮಲಸಮುದ್ರದಲ್ಲಿ 1840ರ ದಶಕದಲ್ಲಿ ಒಂದು ಬೇಸಾಯದ ಕಾಲೋನಿಯನ್ನೇ ಕಟ್ಟಿದರು. ಕಾಲಜ್ಞಾನ ನಂಬಿದ್ದ ಒಂದು ಪಂಥದ ಜನ ಒಟ್ಟಾಗಿ ಬಂದು ಸೇರುತ್ತಾರೆ ಅನ್ನುವ ನಂಬಿಕೆ ಪಾದ್ರಿಗಳಿಗಿತ್ತು. ಜನ ಕಾಯುತ್ತಿದ್ದದ್ದು ಕಾಲಜ್ಞಾನದಲ್ಲಿ ಬರುತ್ತಾನೆ ಅಂದವನನ್ನು, ಪಾದ್ರಿಗಳು ತೋರಿಸಿದ್ದು ಯೇಸುವನ್ನು. ಪಾದ್ರಿಗಳು ಅಂದುಕೊಂಡಷ್ಟು ಜನ ಬರಲಿಲ್ಲ. ಹೊಲ ಉಳಿಯಿತು, ಬೆರಳೆಣಿಕೆಯ ಮನೆಗಳಾದವು. ಕಾದಂಬರಿ ಬರೆಯುವವರಿಗೆ ಹಂಚಿನ ಕಾರ್ಖಾನೆಗಿಂತ ಇದು ಜಾಸ್ತಿ ಚಲೋ ವಸ್ತು ಅಂತ ನನ್ನ ಅಭಿಪ್ರಾಯ, ಆದರೆ ನಿಮ್ಮ ಕಥೆ ನಿಮ್ಮದು.

ಇನ್ನೊಂದು. ಕರಾವಳಿಯಲ್ಲಿ ಜರ್ಮನ್ ರಾಗ ಅಂದಿರಿ. ನಮ್ಮಲ್ಲಿ ಭಜನೆ ಜೋರು. ಹಾರ್ಮೋನಿಯಂ, ತಬಲಾ, ತಾಳ. ಉತ್ತಂಗಿ ಚನ್ನಪ್ಪನವರು ಇದೇ ಮಿಶನ್ನಿನ ಅಯ್ಯನವರು, ಅಂದರೆ ಪಾದ್ರಿ. ಸಭೆಯ ಕೆಲಸದ ಜೊತೆಗೇ ಊರೂರು ತಿರುಗಿ ಸರ್ವಜ್ಞನ ವಚನ ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬೆಳಗ್ಗೆ ಬೈಬಲ್, ಸಂಜೆ ಸರ್ವಜ್ಞ. ಅದರಲ್ಲಿ ಅವರಿಗೆ ಏನೂ ತೊಡಕು ಕಾಣಲಿಲ್ಲ. ನಿಮ್ಮ ಕಥೆಯ ಉಪದೇಶಿ ಪಾದ್ರಿಯ ಬಾಲಬಡುಕ ಆಗುವುದು ಬೇಡ, ಇಷ್ಟೇ ನನ್ನ ಕೋರಿಕೆ.

ನೇರಮಾತು:

ಎಲ್ಲರೂ ಬಹಳ ಚೆಂದದ ಚಿತ್ರ ಬರೆಯುತ್ತಿದ್ದೀರಿ. ನಿಜ ಹೇಳಬೇಕೆಂದರೆ ಇದು ಕೂಲಿ, ಮನೆ, ಅಕ್ಕಿಗಾಗಿ ಆದ ಮತಾಂತರ. ಕೆಲಸ ಕೊಟ್ಟವನ ದೇವರಿಗೆ ಕೈ ಮುಗಿದರು. ಭಕ್ತಿ ಅಂತ ಯಾಕೆ ಸುಮ್ನೆ ಬಣ್ಣ ಹಚ್ಚುತ್ತೀರಿ?

ಸಾಲುಮನೆ:

ಈ ಮಾತು ಚಿಕ್ಕಂದಿನಿಂದ ಕೇಳಿದ್ದೇನೆ, ಹಾಗಾಗಿ ಸಿಟ್ಟು ಬರುವುದು ಬಿಟ್ಟಿದೆ. ಲೆಕ್ಕ ಮಾತ್ರ ಹೇಳುತ್ತೇನೆ. ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ಹಂಚಿನ ಕಾರ್ಖಾನೆ ಬಂದದ್ದು 1865ರಲ್ಲಿ. ನಡುವಿನ ಮೂವತ್ತು ವರ್ಷ ಯಾವ ಹಂಚಿನ ಕೂಲಿ ಇತ್ತು? 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರ ಮನೆಯವರು. ಅವರಿಗೆ ಅನ್ನಕ್ಕೆ ಏನು ಕೊರತೆಯಿತ್ತು? ಆ ದಿನ ಊರಲ್ಲಿ ಗಲಾಟೆಯೇ ಆಯಿತು. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಬಂದರು.

ಕಾರ್ಖಾನೆ ಬಂದ ಮೇಲೂ ಅಲ್ಲಿ ಹಿಂದೂಗಳು ಕೆಲಸ ಮಾಡುತ್ತಿದ್ದರು. ಬರೀ ಕೂಲಿ ಬೇಕಿದ್ದರೆ ಮತ ಬಿಡುವ ಅಗತ್ಯವೇ ಇರಲಿಲ್ಲ.

ಉಲ್ಟಾ ನೋಡಿ. ಶೇಂದಿ ಇಳಿಸುವ ಬಿಲ್ಲವ ಕ್ರೈಸ್ತನಾದರೆ ಶೇಂದಿ ಬಿಡಬೇಕು. ಅದು ಮಿಶನ್ನಿನ ನಿಯಮ. ಒಕ್ಕಲು ಮಾಡುವ ಹೊಲ ಧಣಿಯದು, ಧಣಿ ಬಿಡಿಸುತ್ತಾನೆ. ಮನೆಯವರು ಒಳಗೆ ಸೇರಿಸುವುದಿಲ್ಲ. ಬಾವಿಯ ನೀರೂ ಇಲ್ಲ. ಮೊದಲು ಕಳೆದುಕೊಂಡರು, ಆಮೇಲೆ ಮಿಶನ್ ಮಗ್ಗ, ಅಚ್ಚುಕೂಟ, ಹಂಚು ಅಂತ ದಾರಿ ಹುಡುಕಿತು. ಕಾಲೋನಿ ಹುಟ್ಟಿದ್ದು ಹಾಗೆ.

ನೇರಮಾತು:

ಒಪ್ಪುತ್ತೇನೆ, ಹಿಂದುಮುಂದು ನೀವು ಹೇಳಿದ ಹಾಗೇ ಇರಬಹುದು. ಆದರೆ ಒಂದು ಸಲ ಒಳಗೆ ಬಂದ ಮೇಲೆ? ಮನೆ ಮಿಶನ್ನಿನದು. ಕೆಲಸ ಮಿಶನ್ನಿನದು. ಕುಡಿದು ಸಿಕ್ಕಿಬಿದ್ದರೆ, ದೈವದ ಕೋಲ ನೋಡಲು ಹೋದರೆ ಅದೇ ಪಾದ್ರಿ ಕರ್ತನ ಭೋಜನದಿಂದ (ದೇವಾಲಯದಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ದೂರ ಇಡುತ್ತಾನೆ. ಹೀಗಿರುವಾಗ ಒಬ್ಬ ಮನುಷ್ಯ ಪ್ರಾರ್ಥನೆ ಮಾಡುತ್ತಿರುವುದು ಮನಸ್ಸಿನಿಂದಲೋ ಹೆದರಿಕೆಯಿಂದಲೋ ಅಂತ ಅವನಿಗಾದರೂ ಗೊತ್ತಿರುತ್ತದಾ?

ಹಳೆಕಡತ:

ಈಗ ಸರಿಯಾದ ಜಾಗಕ್ಕೆ ಬಂದಿರಿ. ನನ್ನ ಪ್ರಕಾರ ಹೊಳೆಬದಿಯವರ ಕಥೆಯ ಗಂಟು ಇದೇ. ಕೂಲಿ, ಸೂರು, ಭೋಜನ ಮೂರೂ ಒಂದೇ ಕೈಯಲ್ಲಿ. ಬೇರೆ ಊರುಗಳಲ್ಲಿ ಧಣಿ ಬೇರೆ, ಜಾತಿಯ ಮುಖಂಡ ಗುರಿಕಾರ ಬೇರೆ, ಪೂಜೆ ಮಾಡುವವನು ಬೇರೆ. ಒಬ್ಬನ ಜೊತೆ ಜಗಳವಾದರೆ ಇನ್ನೊಬ್ಬನ ಹತ್ತಿರ ಹೋಗಬಹುದು. ಕಾಲೋನಿಯಲ್ಲಿ ಆ ಬಾಗಿಲಿಲ್ಲ.

ಆದರೆ "ಹೆದರಿಕೆ" ಅಂತ ಒಂದೇ ಪದದಲ್ಲಿ ಮುಗಿಸಬೇಡಿ. ನಾನು ವಕೀಲ, ಹಾಗಾಗಿ ಆಸ್ತಿಯ ಕಡೆಯಿಂದ ನೋಡುತ್ತೇನೆ. ಬಿಲ್ಲವರದು ಅಳಿಯಕಟ್ಟು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ಮನೆಯ ಅಧಿಕಾರ ಸೋದರಮಾವನದು. ಮತ ಬದಲಿಸಿದರೆ ಹಕ್ಕು ಹೋಗಬಾರದು ಅಂತ 1850ರಲ್ಲೇ ಕಾಯ್ದೆ ಬಂದಿತ್ತು. ಆದರೆ ಅಳಿಯಕಟ್ಟಿನ ಕುಟುಂಬದಲ್ಲಿ ಒಬ್ಬನೇ ಎದ್ದು ನನ್ನ ಪಾಲು ಕೊಡಿ ಅನ್ನುವ ಹಾಗೇ ಇರಲಿಲ್ಲ. ಪಾಲು ಕೇಳುವ ದಾರಿ ಸರಿಯಾಗಿ ತೆರೆದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ. ಹಾಗಾಗಿ 1850ರ ಕಾಯ್ದೆ ಕಾಗದದ ಮೇಲೆ ಚೆನ್ನಾಗಿತ್ತು, ಹಟ್ಟಿಯಲ್ಲಿ ಅದರಿಂದ ಅಷ್ಟೇನೂ ಸಿಗಲಿಲ್ಲ.

ಇನ್ನೊಂದು ಕಡೆ, 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕ್ರೈಸ್ತರಿಗೆ ಅನ್ವಯ. ಹೌದು, ಜೆಪ್ಪು ಕಾರ್ಖಾನೆಯ ವರ್ಷವೇ. ಅದರ ಪ್ರಕಾರ ಅಪ್ಪನದು ಹೆಂಡತಿ ಮಕ್ಕಳಿಗೆ. ಅಂದರೆ ಗುಡ್ಡದ ಕೆಳಗಿನಿಂದ ಕಾಲೋನಿಗೆ ಬಂದ ಒಂದೇ ತಲೆಮಾರಿನಲ್ಲಿ ಸಂಸಾರದ ಆಕಾರವೇ ತಿರುಗಿತು. ಸೋದರಮಾವ ಹೋದ, ಅಪ್ಪ ಬಂದ. ಹೆಂಗಸು ತವರಿನ ಮನೆಯ ಹಕ್ಕುದಾರಳಾಗಿದ್ದವಳು ಗಂಡನ ಮನೆಯವಳಾದಳು. ಅದೂ ಆ ಮನೆ ಗಂಡನದಲ್ಲ, ಮಿಶನ್ನಿನದು. ಮದುವೆ ಮಾತುಕತೆಯಲ್ಲಿ ಮಾವ ಕೂರುತ್ತಿದ್ದ ಜಾಗದಲ್ಲಿ ಈಗ ಪಾದ್ರಿ ಕೂತಿದ್ದಾರೆ. ಅವರ ಹೆಂಡತಿ ಮಿಶನ್ ಬೋರ್ಡಿಂಗಿನ ಹುಡುಗಿಯರಲ್ಲಿ ಯಾರು ಯಾರಿಗೆ ಸರಿ ಅಂತ ಯೋಚಿಸುತ್ತಿದ್ದಾರೆ. ಸಂಬಂಧ ಗೊತ್ತಾದ ಮೇಲೆ ದೇವಾಲಯದಲ್ಲಿ ಭಾನುವಾರ ಭಾನುವಾರ ಪ್ರಕಟಣೆ ಓದುತ್ತಾರೆ, ತಕರಾರು ಇದ್ದವರು ಹೇಳಬೇಕು.

ನಿಮ್ಮ ನಾಯಕಿ ಏನನ್ನು ಕಳೆದುಕೊಂಡಳು ಅಂದರೆ ಜನ ಸಾಮಾನ್ಯವಾಗಿ ದೈವ, ಕೋಲ, ಹಬ್ಬ ಅನ್ನುತ್ತಾರೆ. ನನ್ನ ಉತ್ತರ ಬೇರೆ. ಅವಳು ಕಳೆದುಕೊಂಡದ್ದು ಅಣ್ಣನನ್ನು. ತನ್ನ ಮಕ್ಕಳ ಮೇಲೆ ಹಕ್ಕೂ ಜವಾಬ್ದಾರಿಯೂ ಇದ್ದ ಅಣ್ಣ ಈಗ ಹೊಳೆಯ ಆಚೆ ದಡದಲ್ಲಿದ್ದಾನೆ. ಪ್ರತಿ ದಿನ ಕಾಣುತ್ತಾನೆ, ಮಾತಿಲ್ಲ.

ಹೊಳೆಬದಿ:

ಹಳೆಕಡತ ಅವರೇ, ಆ ಅಣ್ಣ ಈಗ ನನ್ನ ಕಥೆಯಲ್ಲಿ ದೋಣಿಯಲ್ಲಿ ಜೇಡಿಮಣ್ಣು ತರುವವನಾದ. ಕಾರ್ಖಾನೆಯ ಕಟ್ಟೆಗೆ ದೋಣಿ ತರಲೇಬೇಕು, ತಂಗಿಯ ಎದುರೇ ಇಳಿಸಲೇಬೇಕು. ಥ್ಯಾಂಕ್ಸ್.

ಪಡುಗಾಳಿ:

ನನ್ನ ಮೊಂತಿ ಫೆಸ್ತ್ ಹಾರಿಹೋಯಿತು, ಇರಲಿ. ಇದಕ್ಕಾದರೂ ಉತ್ತರ ಕೊಡಿ. ಆಟಿ ಅಮಾವಾಸ್ಯೆಯ ದಿನ ಹಾಲೆಮರದ ಕಷಾಯ ಕುಡಿಯುತ್ತಿದ್ದರಾ? ನಮ್ಮಲ್ಲಿ ನಸುಕಿಗೇ ಎದ್ದು, ಯಾರ ಹತ್ತಿರವೂ ಮಾತಾಡದೆ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಕೆತ್ತೆ ಜಜ್ಜಿ ತರಬೇಕು. ಅರೆದು ರಸ ತೆಗೆದು ಬೆಳ್ಳುಳ್ಳಿ, ಓಮ, ಕರಿಮೆಣಸು ಹಾಕಿ ಖಾಲಿ ಹೊಟ್ಟೆಗೆ. ವಿಪರೀತ ಕಹಿ. ಆಮೇಲೆ ಮೆಂತೆ ಗಂಜಿ. ಇದು ಮದ್ದೋ, ಆಚರಣೆಯೋ?

ಸಾಲುಮನೆ:

ಈ ಪ್ರಶ್ನೆಗೆ ನೂರು ಅಂಕ. ನಮ್ಮ ಮನೆಯಲ್ಲಿ ಕುಡಿಯುತ್ತಿದ್ದೆವು. ಆದರೆ ಅಜ್ಜಿ ಕೆತ್ತೆ ತರುವ ಮೊದಲು ಮರದ ಕೆಳಗೆ ನಿಂತು ಕರ್ತನ ಪ್ರಾರ್ಥನೆ ಹೇಳುತ್ತಿದ್ದಳು. ಕತ್ತಿ ಮುಟ್ಟಿಸುತ್ತಿರಲಿಲ್ಲ. ಯಾಕಜ್ಜಿ ಅಂದರೆ, "ಕಬ್ಬಿಣ ತಾಗಿದರೆ ರಸ ಕೆಡುತ್ತದೆ" ಅಂದುಬಿಡುತ್ತಿದ್ದಳು. ಪಕ್ಕದ ಮನೆಯ ಸಭಾ ಹಿರಿಯರಿಗೆ ಇದು ಸರಿ ಬರುತ್ತಿರಲಿಲ್ಲ. ಅಮಾವಾಸ್ಯೆ ನೋಡಿ ಕುಡಿದರೆ ಅದು ಹಳೆ ನಂಬಿಕೆ, ಬೇರೆ ದಿನ ಕುಡಿಯಿರಿ ಅನ್ನುತ್ತಿದ್ದರು. ಅಜ್ಜಿಯ ಉತ್ತರ: "ಮರಕ್ಕೆ ಮದ್ದು ಬರುವುದು ಆ ದಿನ. ದಿನ ಮಾಡಿದವನು ದೇವರು ಅಲ್ವಾ?" ಹಿರಿಯರು ಸುಮ್ಮನಾದರು. ಅವರ ಹೆಂಡತಿ ಹಿಂಬಾಗಿಲಿನಿಂದ ಬಂದು ಒಂದು ಲೋಟ ತೆಗೆದುಕೊಂಡು ಹೋಗುತ್ತಿದ್ದರು.

ಕಾಲೋನಿಯ ನಿಜವಾದ ಧಾರ್ಮಿಕ ಜೀವನ ನಡೆಯುತ್ತಿದ್ದದ್ದು ಇಂಥ ಕಡೆ. ದೊಡ್ಡ ವಿಷಯಗಳಲ್ಲಿ ಗೆರೆ ಸ್ಪಷ್ಟ. ಕೋಲಕ್ಕೆ ಹೋಗಬಾರದು, ಕೋಳಿ ಅಂಕಕ್ಕೆ ಹೋಗಬಾರದು, ಕುಡಿಯಬಾರದು. ಆದರೆ ಮಗುವಿಗೆ ದೃಷ್ಟಿ ತೆಗೆಯುವುದು? ಕರಿಮಣಿ? ಬಾಣಂತಿಯ ನಲವತ್ತು ದಿನ? ಇವಕ್ಕೆ ಪಾದ್ರಿಯ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಹೆಂಗಸರೇ ನಿರ್ಧಾರ ಮಾಡುತ್ತಿದ್ದರು, ಗಂಡಸರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಗದಗಿನಿಂದ:

ನಿಮ್ಮ ಅಜ್ಜಿ ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಬೇಕಿತ್ತು ಬಿಡ್ರಿ.

ಹಳೆಕಡತ:

ಇದಕ್ಕೇ ಸೇರಿದ ಒಂದು ತಮಾಷೆ. ದೈವಗಳನ್ನು ಬಿಡಿ ಅಂತ ಹೇಳಿದ ಅದೇ ಮಿಶನ್ನಿನವರು ಆ ದೈವಗಳ ಪಾಡ್ದನಗಳನ್ನು (ತುಳು ಕಥನಗೀತೆಗಳು) ಕೂತು ಬರೆದುಕೊಂಡರು. ಮಿಶನ್ನಿನ ಪಾದ್ರಿ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲೇ ಅಚ್ಚಾದವು. ಅದೇ ವರ್ಷ ಅವರ ತುಳು ನಿಘಂಟು. ಕಾಲೋನಿಯ ಎಷ್ಟೋ ಗಂಡಸರಿಗೆ ಕೆಲಸ ಕೊಟ್ಟದ್ದು ಆ ಅಚ್ಚುಕೂಟವೇ. ಈಗ ಯೋಚಿಸಿ. ಅಜ್ಜ ಕೋಲಕ್ಕೆ ಹೋಗಿ ಸಿಕ್ಕಿಬಿದ್ದು ಭೋಜನದಿಂದ ಹೊರಗಿದ್ದಾನೆ. ಮೊಮ್ಮಗ ಅಚ್ಚುಕೂಟದಲ್ಲಿ ಅದೇ ದೈವದ ಹಾಡಿಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದಾನೆ, ಕೂಲಿಗೆ. ನಿಮ್ಮ ಕಥೆಯ ಕಾಲಕ್ಕೆ ಇದು ಹಿಂದಿನ ತಲೆಮಾರಿನ ನೆನಪಾಗಿ ಬರಬಹುದು.

ನೇರಮಾತು:

ಇದನ್ನು ಓದಿ ನಗು ಬಂತು. ಒಪ್ಪಿದೆ, ನಾನು ಅಂದುಕೊಂಡಷ್ಟು ಸರಳ ಇಲ್ಲ. ಆದರೂ ಕೇಳುತ್ತೇನೆ. ಶಿಕ್ಷೆ ಹೇಗೆ ಕೊಡುತ್ತಿದ್ದರು? ಎಲ್ಲರೆದುರಾ?

ಸಾಲುಮನೆ:

ಕರ್ತನ ಭೋಜನ ಪ್ರತಿ ವಾರ ಇರುತ್ತಿರಲಿಲ್ಲ, ವರ್ಷಕ್ಕೆ ಕೆಲವೇ ಸಲ. ಮುಂಚೆ ಹೆಸರು ಕೊಡಬೇಕು. ಪಾದ್ರಿ ಮಾತಾಡಿಸುತ್ತಾರೆ. ನೆರೆಯವರ ಜೊತೆ ಜಗಳ ಇದ್ದರೆ ಮೊದಲು ಸರಿಮಾಡಿಕೊಂಡು ಬಾ ಅನ್ನುತ್ತಾರೆ. ಹಾಗಾಗಿ ಭೋಜನದ ಹಿಂದಿನ ವಾರ ಕಾಲೋನಿಯಲ್ಲಿ ರಾಜಿಗಳ ಸುಗ್ಗಿ. ಕೋಳಿ ಕದ್ದವನು, ಬಾವಿಕಟ್ಟೆಯಲ್ಲಿ ಬಾಯಿಗೆ ಬಂದ ಹಾಗೆ ಬೈದವಳು, ಎಲ್ಲರೂ ಮನೆ ಮನೆಗೆ ಹೋಗುತ್ತಾರೆ. ದೂರ ಇಟ್ಟವರಿಗೆ ಬೇರೆ ಶಿಕ್ಷೆ ಬೇಕಾಗಿಯೇ ಇರಲಿಲ್ಲ. ಎಲ್ಲರೂ ಎದ್ದು ಮುಂದೆ ಹೋಗುವಾಗ ಒಬ್ಬನೇ ಬೆಂಚಿನಲ್ಲಿ ಕೂತಿರಬೇಕು. ನಲವತ್ತು ಮನೆಗಳ ಊರಲ್ಲಿ ಅಷ್ಟು ಸಾಕು.

ಒಂದು ವಿಷಯದಲ್ಲಿ ಮಾತ್ರ ಮಿಶನ್ನಿನವರನ್ನು ನಾನು ಪೂರ್ತಿ ಹೊಗಳುತ್ತೇನೆ. ಜಾತಿಯ ವಿಷಯದಲ್ಲಿ ಅವರು ಬಗ್ಗಲಿಲ್ಲ. ಒಂದೇ ಬಟ್ಟಲು, ಒಂದೇ ಬೆಂಚು. ಮನೆಯೊಳಗಿನ ಸಂಬಂಧಗಳಲ್ಲಿ ಜಾತಿ ಎಷ್ಟು ಉಳಿಯಿತು ಅನ್ನುವುದು ಬೇರೆ ಮಾತು, ಆದರೆ ಆ ಬಟ್ಟಲಿನ ಹತ್ತಿರ ಅದಕ್ಕೆ ಜಾಗ ಇರಲಿಲ್ಲ.

ಜಪಸರ:

ಹಬ್ಬಗಳ ಬಗ್ಗೆ ಯಾರೂ ಹೇಳಲೇ ಇಲ್ಲ!

ಸಾಲುಮನೆ:

ಕ್ರಿಸ್ಮಸ್ಸಿಗೆ ಗಾಳಿಮರದ ಕೊಂಬೆ, ಅದಕ್ಕೆ ಮೇಣದ ಬತ್ತಿ. ಪಾದ್ರಿಯ ಊರಲ್ಲಿ ಹಿಮ, ಇಲ್ಲಿ ಬೆವರು. ಈಸ್ಟರ್ ದಿನ ನಸುಕಿಗೆ ಸಮಾಧಿ ಸ್ಥಳಕ್ಕೆ ಹೋಗಿ ಹಾಡುವುದು, ಬೆಳಕು ಹರಿಯುವ ಹೊತ್ತಿಗೆ ದೇವಾಲಯಕ್ಕೆ. ಡಿಸೆಂಬರ್ 31ರ ರಾತ್ರಿ ಆರಾಧನೆ. ಬೆಳೆ ಹಬ್ಬಕ್ಕೆ ಕುಂಬಳ, ಬಾಳೆಗೊನೆ, ಕೋಳಿ ತಂದು ಒಪ್ಪಿಸಿ, ಆಮೇಲೆ ಏಲಂ. ಏಲಂ ಕೂಗುವವನ ಬಾಯಿ ಜೋರಿದ್ದರೆ ಒಂದು ನಿಂಬೆಹಣ್ಣು ಒಂದು ದಿನದ ಕೂಲಿಗೆ ಹೋಗುತ್ತಿತ್ತು. ಕಾರ್ಖಾನೆಯವರಿಗೆ ಹೊಲ ಎಲ್ಲಿ ಅಂತ ಕೇಳಬೇಡಿ, ಹಿತ್ತಿಲು ಇತ್ತು.

ಹೊಳೆಬದಿ:

ಈಗ ಕೊನೆಯ ದೊಡ್ಡ ಪ್ರಶ್ನೆ. 1914ರಲ್ಲಿ ಯುದ್ಧ. ಪಾದ್ರಿಯನ್ನು ಕರೆದೊಯ್ಯುವ ದಿನ. ಅಲ್ಲಿಂದ ಮುಂದೆ ಏನಾಗುತ್ತದೆ?

ಹಳೆಕಡತ:

ಆಫೀಸು ಸ್ವಿಟ್ಜರ್ಲೆಂಡಿನಲ್ಲಿದ್ದರೂ ಪಾದ್ರಿಗಳಲ್ಲಿ ಬಹಳ ಜನ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯವರು. ಬ್ರಿಟಿಷರ ಲೆಕ್ಕದಲ್ಲಿ ಶತ್ರು ದೇಶದವರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಇಟ್ಟರು, ಆಮೇಲೆ ಗೋಲ್ಕೊಂಡಾ ಅನ್ನುವ ಹಡಗಿನಲ್ಲಿ ಯುರೋಪಿಗೆ ಕಳಿಸಿದರು. ಕಾರ್ಖಾನೆಗಳನ್ನು ಶತ್ರುವಿನ ಆಸ್ತಿ ಅಂತ ವಶಪಡಿಸಿಕೊಂಡು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಕೊಟ್ಟರು.

ನಾನು ಮೇಲೆ ಹೇಳಿದ ಮೂರು ವಸ್ತುಗಳನ್ನು ನೆನಪಿಸಿಕೊಳ್ಳಿ. ಕೂಲಿ, ಸೂರು, ಭೋಜನ. ಈಗ ಕೂಲಿ ಕೊಡುವವನು ಲಂಡನ್ ಕಂಪನಿ. ಅವನಿಗೆ ನೀನು ಭಾನುವಾರ ಎಲ್ಲಿದ್ದೆ ಅನ್ನುವುದು ಬೇಕಾಗಿಲ್ಲ, ಸೋಮವಾರ ಬಂದೆಯಾ ಅಷ್ಟೇ ಬೇಕು. ಭೋಜನ ಕೊಡುವವರು ಊರಿನವರೇ ಆದ ಸಭಾಪಾಲಕರು. ಅವರ ಕೈಯಲ್ಲಿ ಕೆಲಸವೂ ಇಲ್ಲ, ಮನೆಯ ಬೀಗವೂ ಇಲ್ಲ. ನೇರಮಾತು ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಗುವುದು ಆ ವರ್ಷಗಳಲ್ಲಿ. ಹೆದರಿಕೆ ಕಳಚಿದ ಮೇಲೂ ಯಾರು ಗುಡ್ಡ ಹತ್ತಿದರು?

ನೇರಮಾತು:

ಹತ್ತಿದರಾ?

ಸಾಲುಮನೆ:

ನಾವು ಇಲ್ಲಿದ್ದೇವಲ್ಲ ಮಾರಾಯ್ರೆ. ಆ ಸಭೆಗಳು ಮುಚ್ಚಲಿಲ್ಲ, ಮುಂದೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು, ಇವತ್ತೂ ಭಾನುವಾರ ಗಂಟೆ ಬಾರಿಸುತ್ತಾರೆ.

ಆದರೆ ಎಲ್ಲರೂ ಹತ್ತಿದರು ಅಂತ ಬರೆಯಬೇಡಿ. ನಮ್ಮ ಅಜ್ಜಿಯ ತಮ್ಮ ಹತ್ತಲಿಲ್ಲ. ಪಾದ್ರಿ ಹೋದ ಮೇಲೆ ಅವನು ದೇವಾಲಯಕ್ಕೆ ಕಾಲಿಡಲಿಲ್ಲ, ದೈವದ ಕಡೆಗೂ ವಾಪಸ್ ಹೋಗಲಿಲ್ಲ. ಭಾನುವಾರ ಬೆಳಗ್ಗೆ ಹೊಳೆಯಲ್ಲಿ ಗಾಳ ಹಾಕಿ ಕೂರುತ್ತಿದ್ದ. ಹಿಡಿದ ಮೀನಿನಲ್ಲಿ ಒಂದು ಪಾಲನ್ನು ಮಾತ್ರ ತಪ್ಪದೆ ಸಭಾಪಾಲಕರ ಮನೆಗೆ ಕಳಿಸುತ್ತಿದ್ದ. ಅವರು ತೆಗೆದುಕೊಳ್ಳುತ್ತಿದ್ದರು. ಇಬ್ಬರೂ ಅದರ ಬಗ್ಗೆ ಯಾವತ್ತೂ ಮಾತಾಡಿದ್ದಿಲ್ಲವಂತೆ.

ಹೊಳೆಬದಿ:

ಅವರನ್ನು ಕಥೆಗೆ ತೆಗೆದುಕೊಳ್ಳಬಹುದಾ? ಹೆಸರು, ಊರು ಎಲ್ಲ ಬದಲಾಯಿಸುತ್ತೇನೆ.

ಸಾಲುಮನೆ:

ತಗೊಳ್ಳಿ. ಮೀನು ಮಾತ್ರ ಕಾಣೆ ಆಗಿರಲಿ, ಬಂಗುಡೆ ಬರೆಯಬೇಡಿ. ಗಾಳ ಹಾಕಿ ಕೂತವನಿಗೆ ಹೊಳೆಯಲ್ಲಿ ಬಂಗುಡೆ ಸಿಗುವುದಿಲ್ಲ.

ಹಳೆಕಡತ:

ಬರೆಯುವ ಮೊದಲು ಬಾಸೆಲ್ ಮಿಶನ್ನಿನ ಹಳೆಯ ಫೋಟೋಗಳನ್ನು ಒಮ್ಮೆ ನೋಡಿ. ಬಾಸೆಲ್‌ನ ಸಂಗ್ರಹದಲ್ಲಿದ್ದವನ್ನು ಅಂತರ್ಜಾಲದಲ್ಲೇ ಹಾಕಿದ್ದಾರೆ, ಮಂಗಳೂರಿನವೂ ಅದರಲ್ಲಿವೆ. ಬಲ್ಮಠದ ಥಿಯಾಲಜಿಕಲ್ ಕಾಲೇಜಿನಲ್ಲೂ ಹಳೆ ಕಡತಗಳಿವೆ, ಮೊದಲೇ ಕೇಳಿಕೊಂಡು ಹೋಗಿ. ಆ ವರದಿಗಳನ್ನು ಬರೆದವರು ಪಾದ್ರಿಗಳು, ತಮ್ಮ ಮೇಲಧಿಕಾರಿಗಳಿಗಾಗಿ. ಆಟಿ ಕಷಾಯ ಅದರಲ್ಲಿ ಸಿಗುವುದಿಲ್ಲ.

ಪಡುಗಾಳಿ:

ಕಷಾಯದ ಪ್ರಶ್ನೆ ಕೇಳಿದ್ದು ನಾನು. ಪುಸ್ತಕ ಬಂದರೆ ಒಂದು ಪ್ರತಿ ಪುಕ್ಕಟೆ ಬೇಕು.

ಹೊಳೆಬದಿ:

ಖಂಡಿತ. ಭಟ್ಟಿಯ ಅಧ್ಯಾಯ ಇವತ್ತು ರಾತ್ರಿ ಶುರು ಮಾಡುತ್ತೇನೆ. ಸೌದೆ ಒಟ್ಟುವವನು ಕ್ರೈಸ್ತನೇ.